ಮಾಳದಲ್ಲಿ ವಿಂಚೆಸ್ಟರ್ ಯಾಕೆ?

ಬೆಳೆ ಉಳಿಯಬೇಕಾದರೆ ಕೋವಿ ಬೇಕು. ಕೋವಿ ತಗೊಳ್ಳುವುದೇ ಆದರೆ ಅಜ್ಜನ ಕಾಲದ ಒಂಟಿ ನಳಿಗೆ ಯಾಕೆ, ಒಳ್ಳೆಯ ರೈಫಲ್ಲೇ ಇರಲಿ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಮಟ್ಟಿಗೆ ಇದು ಯಾರೋ ಒಬ್ಬಿಬ್ಬರ ಅಭಿಪ್ರಾಯವಾಗಿ ಉಳಿದಿಲ್ಲ, ಊರಿಗೆ ಊರೇ ಒಪ್ಪಿಕೊಂಡ ತೀರ್ಮಾನದಂತಾಗಿದೆ. ಶಿರಾಳಕೊಪ್ಪದ ಗೊಬ್ಬರದಂಗಡಿ ಕಟ್ಟೆಯ ಮೇಲೆ ಇದನ್ನು ಕೇಳಬಹುದು, ಆನವಟ್ಟಿಯ ಹೋಟೆಲಿನಲ್ಲಿ ಕೇಳಬಹುದು. ಗ್ರಾಮಸಭೆಯಲ್ಲಿ ಅರಣ್ಯ ಇಲಾಖೆಯವರು ಎದ್ದು ನಿಂತ ಕೂಡಲೇ ಹಿಂದಿನ ಸಾಲಿನಿಂದ ಯಾರಾದರೂ ಕೂಗುತ್ತಾರೆ: "ನಿಮ್ಮ ಪರಿಹಾರ ನೀವೇ ಇಟ್ಕೊಳ್ಳಿ ಸಾರ್, ನಮಗೆ ಲೈಸೆನ್ಸ್ ಕೊಡಿ, ಹಂದಿ ನಾವು ನೋಡ್ಕೋತೀವಿ." ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆಗೆ ನನ್ನ ತಕರಾರಿದೆ.

ರೈತನ ಸಿಟ್ಟಿನ ಮೇಲೆ ನನಗೆ ತಕರಾರಿಲ್ಲ. ಹಾಲುಗಾಳು ಕಟ್ಟಿದ ಮೆಕ್ಕೆಜೋಳವನ್ನು ಹಂದಿ ಹಿಂಡು ರಾತ್ರಿ ಕಳೆಯುವುದರೊಳಗೆ ಚಾಪೆ ಹಾಸಿದ ಹಾಗೆ ಮಲಗಿಸಿ ಹೋದದ್ದನ್ನು ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಡುವವನಿಗೆ ಅಹಿಂಸೆಯ ಪಾಠ ಹೇಳುವಷ್ಟು ಧೈರ್ಯ ನನಗಿಲ್ಲ. ಸೊರಬದ ಕಡೆ ಶುಂಠಿ ಪಟ್ಟೆ, ಅನಾನಸು ಸಾಲು, ಅಡಿಕೆಯ ಎಳೆಗಾಯಿ ಯಾವುದಕ್ಕೂ ಉಳಿಗಾಲವಿಲ್ಲ. ಹಗಲು ಮಂಗ, ರಾತ್ರಿ ಹಂದಿ, ಬಿತ್ತಿದ ದಿನವೇ ನವಿಲು. ಹೀಗೆ ಪಾಳಿ ಹಾಕಿಕೊಂಡು ಬರುವ ಪ್ರಾಣಿಗಳ ಎದುರು ಮನುಷ್ಯನಿಗೆ ಸಿಟ್ಟು ಬರದಿದ್ದರೆ ಅವನು ಹೊಲ ಮಾಡುವವನೇ ಅಲ್ಲ. ಆದರೆ ಆ ಸಿಟ್ಟನ್ನು ಹಿಡಿದು ನೇರ ಬಂದೂಕಿನ ಅಂಗಡಿಯ ಕಡೆ ತಿರುಗಿಸುತ್ತಿರುವವರು ರೈತನಿಗೆ ಉಪಕಾರ ಮಾಡುತ್ತಿಲ್ಲ.

ಈಚೆಗೆ ಇದಕ್ಕೆ ಹೊಸ ರಂಗು ಬಂದಿದೆ. ಬೆಂಗಳೂರಿನ ಕೆಲಸ ಬಿಟ್ಟು ಬಂದು ತೋಟ ಮಾಡುತ್ತಿರುವ ಹುಡುಗರು ಮೊಬೈಲಿನಲ್ಲಿ ಅಮೆರಿಕದವರ ವಿಡಿಯೊ ನೋಡುತ್ತಾರೆ. ಅಲ್ಲಿ ಟೋಪಿ ಹಾಕಿದ ಒಬ್ಬ ಅಜ್ಜ 'ಮೊದಲ ಬಾರಿ ಕೊಳ್ಳುವವರಿಗೆ ಲಿವರ್ ಆಕ್ಷನ್ ರೈಫಲ್ಲೇ ಸರಿ' ಎಂದು ಹೇಳಿ, ಟ್ರಿಗರಿನ ಸುತ್ತ ಬಳೆಯಂತಿರುವ ಹಿಡಿಯನ್ನು ಕೆಳಗೆ ದೂಡಿ ಮೇಲೆಳೆದು ಟಕಟಕ ಹೊಡೆದು ತೋರಿಸುತ್ತಾನೆ. ಹಿಡಿ ಕೆಳಗೆ ಹೋದಾಗ ಖಾಲಿ ತೋಟಾ ಹೊರಬೀಳುತ್ತದೆ, ಮೇಲೆ ಬಂದಾಗ ಹೊಸದು ನಳಿಗೆಗೆ ಸೇರುತ್ತದೆ. ನೋಡಲು ಚೆಂದವೇ. ಹಾಗಾಗಿ ಈಗ ಬರುವ ಪ್ರಶ್ನೆ: "ಅಣ್ಣಾ, ಮೊದಲ್ನೇದು ಯಾವುದು ತಗೊಳ್ಳಲಿ? ವಿಂಚೆಸ್ಟರ್ ಸಿಗುತ್ತಾ, ಇಲ್ಲಾ ತ್ರೀ ಫಿಫ್ಟೀನ್‌ಗೇ ಹಾಕ್ಲಾ?" ತ್ರೀ ಫಿಫ್ಟೀನ್ ಎಂದರೆ ಸರ್ಕಾರಿ ಕಾರ್ಖಾನೆಯ .315 ರೈಫಲ್.

ಕನ್ನಡ ಓದುಗರಿಗೆ ಲಿವರ್ ಆಕ್ಷನ್ ಹೊಸದೇನಲ್ಲ, ಆ ಹೆಸರು ಗೊತ್ತಿಲ್ಲದೆಯೇ ಅದನ್ನು ಪ್ರೀತಿಸಿದವರು ನಾವು. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕತೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ಹಿಡಿದದ್ದು ವಿಂಚೆಸ್ಟರ್ 1895, .405 ಬೋರಿನ ಲಿವರ್ ಆಕ್ಷನ್ ರೈಫಲ್. 300 ಗ್ರೇನ್ ತೂಕದ ಗುಂಡು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಬೇಟೆಗೆ ಹೊರಟಾಗ ಹೊತ್ತೊಯ್ದದ್ದೂ ಇದೇ ಮಾದರಿಯನ್ನು. ಆಂಡರ್ಸನ್ ನಮ್ಮ ಕಡೆಯೂ ಓಡಾಡಿದ ಮನುಷ್ಯ. ಚೋರಡಿ, ಅಂಬ್ಲಿಗೊಳದ ಕಾಡುಗಳು ಅವನ ಕತೆಗಳಲ್ಲಿ ಬರುತ್ತವೆ. ಹಾಗಾಗಿ ಅಂಬ್ಲಿಗೊಳದ ಆಚೀಚೆ ಹೊಲ ಇರುವವನಿಗೆ ತಾನೂ ಆ ಪರಂಪರೆಯವನೇ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಆ ಕತೆಗಳನ್ನೇ ಮತ್ತೊಮ್ಮೆ ಓದಿ ನೋಡಿ. ಅಲ್ಲಿ ಮನುಷ್ಯನನ್ನು ತಿನ್ನುವುದಕ್ಕೆ ಕಲಿತ ಒಂದೇ ಒಂದು ಹುಲಿ ಅಥವಾ ಚಿರತೆ ಇರುತ್ತದೆ. ಅದರ ಹೆಜ್ಜೆ, ಅದರ ಚಾಳಿ, ಅದು ಬರುವ ದಾರಿ ಎಲ್ಲವನ್ನೂ ವಾರಗಟ್ಟಲೆ ಹಿಂಬಾಲಿಸಿ ತಿಳಿದುಕೊಂಡವನೊಬ್ಬ ಮರದ ಮೇಲೆ ಉಸಿರು ಬಿಗಿಹಿಡಿದು ಕೂತಿರುತ್ತಾನೆ. ಎಷ್ಟೋ ರಾತ್ರಿ ಗುಂಡೇ ಹಾರುವುದಿಲ್ಲ. ಜೋಳದ ಹೊಲ ಕಾಯುವುದಕ್ಕೂ ಇದಕ್ಕೂ ಏನು ಸಂಬಂಧ? ಹೊಲಕ್ಕೆ ಬರುವುದು ಒಂದು ಹಂದಿಯಲ್ಲ, ಮರಿಮಕ್ಕಳ ಹಿಂಡು. ಅದು ಇವತ್ತು ಒಂದನ್ನು ಕಳೆದುಕೊಂಡರೆ ನಾಳೆ ಪಕ್ಕದ ಹೊಲಕ್ಕೆ ಹೋಗುತ್ತದೆ, ನಾಡಿದ್ದು ವಾಪಸು ಬರುತ್ತದೆ. ನರಭಕ್ಷಕ ಸತ್ತರೆ ಊರು ನಿಶ್ಚಿಂತೆಯಾಗಿ ಮಲಗುತ್ತದೆ. ಒಂದು ಹಂದಿ ಸತ್ತರೆ ಊರಿಗೆ ಊಟವಾಗುತ್ತದೆ, ಅಷ್ಟೇ. ನಿಜ ಹೇಳಬೇಕೆಂದರೆ ನಮ್ಮ ರೈಫಲ್ ಮಾತಿನಲ್ಲಿ ಅರ್ಧ ಪಾಲು ಆ ಊಟದ್ದು, ಉಳಿದದ್ದರಲ್ಲಿ ಒಂದಿಷ್ಟು ಮೀಸೆಯದ್ದು.

ಈಗ ಆ ಬಂದೂಕನ್ನೇ ನೋಡೋಣ. ಲಿವರ್ ಆಕ್ಷನ್ ಬೆಳೆದದ್ದು ಕುದುರೆ ಮೇಲೆ ಓಡಾಡುವ ಅಮೆರಿಕದ ಜನರ ಕೈಯಲ್ಲಿ. ವಿಂಚೆಸ್ಟರ್ 1873, ಆಮೇಲೆ ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿ ಅವುಗಳಲ್ಲಿ ಹೆಸರಾಂತವು. ಬಹುಪಾಲು ಮಾದರಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಒಂದರ ಮೂತಿ ಇನ್ನೊಂದರ ಬುಡಕ್ಕೆ ತಾಗಿರುವುದರಿಂದ, ಚೂಪು ಮೂತಿಯ ಗುಂಡಾದರೆ ಮುಂದಿನದರ ಕೇಪಿಗೆ ಕುಟ್ಟಿ ಕೊಳವೆಯೊಳಗೇ ಸಿಡಿಯಬಹುದು. ಅದಕ್ಕೇ ಅವುಗಳಿಗೆ ಚಪ್ಪಟೆ ಮೂತಿಯ ಗುಂಡು. ಕೊಳವೆಯಲ್ಲಿ ಎಷ್ಟು ಉಳಿದಿವೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಹಳೆಯ ಮಾದರಿಗಳಲ್ಲಿ ಬೇರೆ ಸುರಕ್ಷತಾ ಗುಂಡಿಯೂ ಇರುವುದಿಲ್ಲ. ತೋಟಾ ನಳಿಗೆಯಲ್ಲಿ ಇರುವಾಗಲೇ ಎತ್ತಿದ ಕುದುರೆಯನ್ನು (ಹ್ಯಾಮರ್) ಹೆಬ್ಬೆರಳಿನಿಂದ ಹಿಡಿದು ಮೆಲ್ಲಗೆ ಅರ್ಧಕ್ಕೆ ಇಳಿಸಬೇಕು. ಶ್ರಾವಣದ ಜಡಿಮಳೆಯಲ್ಲಿ, ಕಂಬಳಿಕೊಪ್ಪೆಯೊಳಗೆ, ಒದ್ದೆ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು, ಕೋವಿಯನ್ನೇ ಮೊದಲು ಮುಟ್ಟಿದವನು ಈ ಕೆಲಸ ಮಾಡುವುದನ್ನು ಊಹಿಸಿಕೊಳ್ಳಿ. ಅವನ ಪಕ್ಕ ಮಾಳದಲ್ಲಿ, ಅಂದರೆ ಹೊಲ ಕಾಯುವ ಗುಡಿಸಲಿನಲ್ಲಿ, ಕೂತವರು ಯಾರು ಎಂಬುದನ್ನೂ ಊಹಿಸಿಕೊಳ್ಳಿ.

ಅಮೆರಿಕದ ಅಜ್ಜ ಹೇಳಿದ್ದು ಅವನ ಊರಿಗೆ ಸರಿ ಇರಬಹುದು. ಅಲ್ಲಿ ಬೇಟೆಗಾರನಿಗೆ ತರಬೇತಿಯ ಕಟ್ಟಳೆ ಇದೆ, ಗುರಿ ಅಭ್ಯಾಸಕ್ಕೆ ಮೈದಾನಗಳಿವೆ, ಅಂಗಡಿಗೆ ಹೋದರೆ ಪೆಟ್ಟಿಗೆಗಟ್ಟಲೆ ತೋಟಾ ಸಿಗುತ್ತದೆ. ನಮ್ಮಲ್ಲಿ 1980ರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕನಿಗೆ ವಿದೇಶಿ ಬಂದೂಕಿನ ಆಮದು ಬಂದ್ ಆಗಿದೆ. ಇರುವ ವಿಂಚೆಸ್ಟರ್‌ಗಳೆಲ್ಲ ಅದಕ್ಕೂ ಮುಂಚೆ ಬಂದು, ತೋಟದ ದೊರೆಗಳ ಕೈಯಿಂದ ಕೈಗೆ ದಾಟಿದ ಹಳೆಯ ಸಾಮಾನು. ಸರ್ಕಾರಿ ಬಂದೂಕು ಕಾರ್ಖಾನೆಗಳು ನಾಗರಿಕರಿಗೆ ಮಾಡಿಕೊಟ್ಟ ರೈಫಲ್ಲುಗಳೆಂದರೆ ಮುಖ್ಯವಾಗಿ .22, .315, .30-06. ಲಿವರ್ ಆಕ್ಷನ್ನಿನ .30-30 ತೋಟಾ ಆ ಪಟ್ಟಿಯಲ್ಲಿಲ್ಲ. ಅಂದರೆ ಹಳೆಯ ವಿಂಚೆಸ್ಟರನ್ನು ಹುಡುಕಿ, ಚಿನ್ನದ ಬೆಲೆ ಕೊಟ್ಟು ತಂದವನು ಅದನ್ನು ಗೋಡೆಗೆ ನೇತುಹಾಕಿ ನೋಡಬೇಕು. ಹೊಡೆಯಲು ತೋಟಾ ಎಲ್ಲಿಂದ ತರುತ್ತಾನೆ?

"ಹೋಗಲಿ, .315 ಆದರೂ ತಗೋತೀವಿ" ಎನ್ನುವವರಿಗೆ ಕಾನೂನಿನ ಒಂದು ಸಾಲು ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಯ ಹೆಸರನ್ನು ಎತ್ತಿಯೇ ಮಾತಾಡುತ್ತದೆ. ನಿಜವಾದ ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಡತಕ್ಕದ್ದು ಎಂದು ಅದು ಹೇಳುವುದು ಮೂತಿಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ನಮ್ಮ ಕೇಪಿನ ಕೋವಿಗೆ. ಅದು ಸಾಲದೆಂದು ಜಿಲ್ಲಾಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಬಂದೂಕು, ಅಂದರೆ ತೋಟಾ ಕೋವಿ, ಕೊಡಬಹುದು. ರೈಫಲ್ಲಿನ ಮಾತು ಅಲ್ಲಿ ಬರುವುದೇ ಇಲ್ಲ. ರೈಫಲ್ ಬೇಕೆಂದರೆ ಬೇರೆಯೇ ದಾರಿ, ಬೇರೆಯೇ ಕಾರಣ ತೋರಿಸಬೇಕು. ಕಾಯ್ದೆ ಬರೆದವರು ದಡ್ಡರಾಗಿರಲಿಲ್ಲ. ಹೊಲದಲ್ಲಿ ಬೇಕಾದದ್ದು ಸದ್ದು, ಹತ್ತಿರದ ಹೊಡೆತ, ಬೇಗ ಸುಸ್ತಾಗಿ ನೆಲಕ್ಕೆ ಬೀಳುವ ಚರೆ ಎಂಬುದು ಅವರಿಗೆ ಗೊತ್ತಿತ್ತು.

ಈ ಬೇಗ ಬೀಳುವ ವಿಷಯ ಸಣ್ಣದಲ್ಲ. ಹನ್ನೆರಡು ಬೋರಿನ ಸಣ್ಣ ಚರೆ ಇನ್ನೂರು ಇನ್ನೂರೈವತ್ತು ಮೀಟರಿನಾಚೆ ಹೋಗುವುದಿಲ್ಲ. ರೈಫಲ್ಲಿನ ಪೈಕಿ ಅತಿ ಸಣ್ಣದಾದ .22ರ ಗುಂಡು ಕೂಡ ಮೈಲಿಗೂ ಮಿಕ್ಕಿ ಹಾರಬಲ್ಲದು. .315 ಹೊಡೆತ ಅದಕ್ಕಿಂತ ಎಷ್ಟೋ ದೂರ. ಶಿಕಾರಿಪುರದ ಸುತ್ತಿನ ನೆಲ ನೋಡಿ. ಅರೆಮಲೆನಾಡಿನ ಅಲೆಯಲೆಯಾದ ಬಯಲು, ಗುಂಡನ್ನು ತಡೆದು ನಿಲ್ಲಿಸುವ ಗುಡ್ಡ ಎಲ್ಲ ಹೊಲಕ್ಕೂ ಬೆನ್ನಿಗಿಲ್ಲ. ಒಂದೊಂದು ಹೊಲದಲ್ಲೂ ಒಂದೊಂದು ಮಾಳ, ಮಾಳದೊಳಗೊಬ್ಬ ಮನುಷ್ಯ. ಮೆಕ್ಕೆಜೋಳ ಆಳೆತ್ತರ ದಾಟಿ ನಿಂತಿರುವಾಗ ಹಂದಿ ಕಾಣುವುದಿಲ್ಲ, ಜೋಳ ಅಲುಗಾಡುವುದು ಕಾಣುತ್ತದೆ, ಮುರಿಯುವ ಸದ್ದು ಕೇಳುತ್ತದೆ. ಅಲುಗಾಡಿದ ಕಡೆ ರೈಫಲ್ ಹೊಡೆಯುವವನು ಆ ಗುಂಡು ಎಲ್ಲಿ ನಿಲ್ಲುತ್ತದೆಂದು ಹೇಳಬಲ್ಲನೇ? ಮಲೆನಾಡಿನಲ್ಲಿ, ಕೊಡಗಿನಲ್ಲಿ ಹಂದಿಯೆಂದು ಮನುಷ್ಯನಿಗೆ ಗುಂಡು ತಾಗಿದ ಸುದ್ದಿ ನಾವು ಓದದ ವಿಷಯವೇನಲ್ಲ. ಸತ್ತವನು ಎಷ್ಟೋ ಸಲ ಜೊತೆಗೆ ಹೋದ ಗೆಳೆಯನೇ ಆಗಿರುತ್ತಾನೆ.

ಇನ್ನು ಹೊಡೆಯಬಹುದೇ ಎಂಬ ಪ್ರಶ್ನೆ. ಬಂದೂಕಿನ ಲೈಸೆನ್ಸ್ ಇದ್ದರೆ ಪ್ರಾಣಿ ಹೊಡೆಯುವ ಲೈಸೆನ್ಸ್ ಇದ್ದಂತೆ ಎಂದು ನಂಬಿದವರ ಸಂಖ್ಯೆ ದೊಡ್ಡದು. ಗ್ರಾಮಸಭೆಯ ಚಪ್ಪಾಳೆಯೆಲ್ಲ ಈ ನಂಬಿಕೆಯ ಮೇಲೆ ನಿಂತಿದೆ. ಎರಡೂ ಬೇರೆ ಬೇರೆ ಕಾಯ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆತ್ಮರಕ್ಷಣೆಗೆ ಮಾಫಿ ಇದೆ. ಆದರೆ ಅದು ತನ್ನ ಅಥವಾ ಇನ್ನೊಬ್ಬರ ಜೀವಕ್ಕೆ ಮಾತ್ರ, ಜೋಳಕ್ಕಲ್ಲ. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಕೊಲ್ಲಲು 11ನೇ ಸೆಕ್ಷನ್ನಿನಲ್ಲಿ ದಾರಿ ಇದೆ, ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸೊತ್ತು, ನಮ್ಮ ಒಲೆಯದ್ದಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಎರಡನೆಯ ಪರಿಚ್ಛೇದದಲ್ಲಿದೆ. ನಮ್ಮ ತೋಟಗಳಿಗೆ ನುಗ್ಗುವ ತಲೆಗೂದಲು ಬೈತಲೆ ತೆಗೆದಂತಿರುವ ಮಂಗ ಮೊದಲನೆಯ ಪರಿಚ್ಛೇದಕ್ಕೆ ಏರಿದೆ, ಹುಲಿ, ಆನೆ, ನವಿಲು ಇರುವ ಜಾಗಕ್ಕೆ. ಅದನ್ನು ಹೊಡೆದವನಿಗೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೆ ಜೈಲು. ಕಾಯ್ದೆ ಸರಿಯೋ ತಪ್ಪೋ ಎಂದು ಜಗಳವಾಡೋಣ. ಮಂಗವನ್ನು ಹುಲಿಯ ಸಾಲಿಗೆ ಏರಿಸಿದ್ದು ನನಗೂ ವಿವೇಕವಾಗಿ ಕಾಣುವುದಿಲ್ಲ. ಆದರೆ ಕಾಯ್ದೆ ಹೀಗಿರುವಾಗ ರೈತನಿಗೆ ರೈಫಲ್ ಕೊಳ್ಳಲು ಹುರಿದುಂಬಿಸುವವನು ಅವನ ಕೈಗೆ ಬೇಡಿ ತೊಡಿಸುತ್ತಿದ್ದಾನೆ.

ಮಂಗದ ಮಾತು ಬಂದಾಗ ಸೊರಬದವರಿಗೆ ಇನ್ನೊಂದು ವಿಷಯ ನೆನಪಿಸಬೇಕು, ಬೇರೆ ಊರಿನವರು ಮರೆತರೂ ಇವರು ಮರೆಯಬಾರದು. 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದು, ಜಗತ್ತಿಗೆ ಹೊಸದೊಂದು ಕಾಯಿಲೆ ಗೊತ್ತಾದದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಅದನ್ನು ದಾಟಿಸುವುದು ಉಣ್ಣೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅದರ ಮೈಮೇಲಿನ ಉಣ್ಣೆಗಳು ನೆಲಕ್ಕಿಳಿದು ತರಗೆಲೆಗಳಲ್ಲಿ ಹರಡಿಕೊಳ್ಳುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ ಎಂದು ವರ್ಷ ವರ್ಷ ಸಾರುವುದು. ಎಲ್ಲಿ ಮಂಗ ಸತ್ತಿದೆ ಎಂಬ ಸುದ್ದಿಯೇ ಈ ಕಾಯಿಲೆ ಎಲ್ಲಿ ತಲೆ ಎತ್ತುತ್ತಿದೆ ಎಂಬುದರ ಮೊದಲ ಸುಳಿವು. ಹಳೆಯ ಲಸಿಕೆ ಸಾಲದೆಂದು 2022ರಲ್ಲಿ ನಿಲ್ಲಿಸಿದ ಮೇಲಂತೂ ಆ ಸುಳಿವಿಗೆ ಇನ್ನಷ್ಟು ಬೆಲೆ ಬಂದಿದೆ. ಈಗ ಕದ್ದು ಹೊಡೆದು ಅಡಿಕೆ ತೋಟದ ಮೂಲೆಯಲ್ಲಿ ಸೊಪ್ಪು ಮುಚ್ಚಿದ ಮಂಗದ ಸುದ್ದಿಯನ್ನು ಯಾರು ಯಾರಿಗೆ ತಿಳಿಸುತ್ತಾರೆ? ಮೂರು ವರ್ಷದ ಜೈಲಿಗೆ ಹೆದರಿದವನು ಆರೋಗ್ಯ ಕೇಂದ್ರಕ್ಕೆ ಫೋನು ಮಾಡುವುದಿಲ್ಲ. ಮಾರನೆಯ ದಿನ ಅದೇ ಮೂಲೆಗೆ ಸೊಪ್ಪು ತರಲು ಹೋಗುವವಳು ಅವನ ಮನೆಯವಳೋ ಕೂಲಿಗೆ ಬಂದವಳೋ ಆಗಿರುತ್ತಾಳೆ.

ಹೋಗಲಿ, ಕಾನೂನು ಬಿಟ್ಟೇ ಕೊಟ್ಟಿತು ಎಂದಿಟ್ಟುಕೊಳ್ಳಿ. ಹಿಮಾಚಲ ಪ್ರದೇಶದಲ್ಲಿ 2016ರಲ್ಲಿ ಶಿಮ್ಲಾದ ಮಂಗಗಳನ್ನು ಉಪದ್ರವಿ ಪ್ರಾಣಿ ಎಂದು ಘೋಷಿಸಿದರು, ಆಮೇಲೆ ಬೇರೆ ತಾಲ್ಲೂಕುಗಳಿಗೂ ಅದನ್ನು ಹಬ್ಬಿಸಿದರು. ಹೊಡೆಯಿರಿ ಎಂದರೂ ಹೊಡೆದವರು ಬೆರಳೆಣಿಕೆ. ಆಂಜನೇಯನಿಗೆ ಕೈ ಮುಗಿಯುವ ಜನ ಮಂಗನ ಎದೆಗೆ ಗುರಿ ಇಡಲಿಲ್ಲ. ಹುಚ್ಚರಾಯಸ್ವಾಮಿಯ ತೇರು ಎಳೆಯುವ ಶಿಕಾರಿಪುರದವರು ಇಡುತ್ತಾರೆಯೇ? ಬಾಯಲ್ಲಿ ಹೇಳುವುದು ಬೇರೆ. ತೀರ್ಥಹಳ್ಳಿ ಕಡೆಯ ನಾಲೂರಿನಲ್ಲಿ ರೈತರೊಬ್ಬರು ಮಂಗ ಓಡಿಸಲು ತಮ್ಮ ನಾಯಿಗೆ ಹುಲಿ ಪಟ್ಟೆ ಬಳಿದದ್ದು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ನಕ್ಕವರೇ ಹೆಚ್ಚು. ನನಗೆ ಆ ನಾಯಿ ನಮ್ಮ ಎಷ್ಟೋ ಭಾಷಣಗಳಿಗಿಂತ ಬುದ್ಧಿವಂತಿಕೆಯ ಕೆಲಸವಾಗಿ ಕಾಣುತ್ತದೆ.

ರೈಫಲ್ ಪಕ್ಷದವರ ದೊಡ್ಡ ಅಸ್ತ್ರ ಕೊಡಗು. "ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗೆ ಮಾತ್ರ ಯಾಕೆ ಈ ಕಾಟ?" ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರ ಕಾಯ್ದೆಯಿಂದ ರಿಯಾಯಿತಿ ಇರುವುದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಅದು ಅವರ ಸಂಪ್ರದಾಯಕ್ಕೆ ಸಂದ ಗೌರವ, ಅದರ ಬಗ್ಗೆ ಹೊಟ್ಟೆಕಿಚ್ಚು ಬೇಡ. ಆದರೆ ವಾದವನ್ನು ಕೊನೆಯವರೆಗೆ ಎಳೆಯಿರಿ. ಮನೆಮನೆಯಲ್ಲಿ ಕೋವಿ ಇರುವ ಕೊಡಗಿನಲ್ಲಿ ಹಂದಿ ಕಾಟ ಮುಗಿಯಿತೇ? ಆನೆ, ಹಂದಿಗಳ ಹಾವಳಿ ತಾಳಲಾರದೆ ಭತ್ತದ ಗದ್ದೆಗಳನ್ನು ಪಾಳು ಬಿಟ್ಟವರು ಅಲ್ಲಿ ಎಷ್ಟು ಮಂದಿ! ಕೋವಿ ಬೆಳೆ ಕಾಯುವುದಾಗಿದ್ದರೆ ಕೊಡಗು ಕರ್ನಾಟಕದ ಭತ್ತದ ಕಣಜವಾಗಬೇಕಿತ್ತು.

ನನಗೆ ಎಲ್ಲಕ್ಕಿಂತ ಕಸಿವಿಸಿಯಾಗುವುದು ಬೇರೆ ಕಡೆ. ಈ ಚರ್ಚೆಯಲ್ಲಿ ಮಾತಾಡುವವರು ಒಬ್ಬರು, ಹೊಲ ಕಾಯುವವರು ಇನ್ನೊಬ್ಬರು. ಲೈಸೆನ್ಸ್ ಅರ್ಜಿಗೆ ಪಹಣಿ ಲಗತ್ತಿಸಬೇಕು. ಬಗರ್ ಹುಕುಂ ಮಾಡಿಕೊಂಡು ದಶಕಗಟ್ಟಲೆ ಸಾಗುವಳಿ ಪತ್ರಕ್ಕೆ ಕಾಯುತ್ತಿರುವವನ ಹೆಸರು ಪಹಣಿಯಲ್ಲಿ ಇಲ್ಲ. ಕಾಡಂಚಿನ ಹೊಲ ಹೆಚ್ಚಾಗಿ ಅವನದ್ದೇ, ಹಂದಿ ಮೊದಲು ನುಗ್ಗುವುದೂ ಅಲ್ಲಿಗೇ. ಪಹಣಿ ಇರುವ ದೊಡ್ಡ ಹಿಡುವಳಿದಾರ ಲೈಸೆನ್ಸ್ ತಗೊಂಡು ಪೇಟೆಯ ಮನೆಯಲ್ಲಿ ಮಲಗುತ್ತಾನೆ, ಮಾಳದಲ್ಲಿ ಕೂರುವುದು ಅವನ ಆಳು. ಲೈಸೆನ್ಸಿನಲ್ಲಿ ಹೆಸರಿಲ್ಲದ ಆಳಿನ ಕೈಗೆ ಕೋವಿ ಕೊಟ್ಟರೆ ಇಬ್ಬರೂ ಅಪರಾಧಿಗಳು, ಏಕೆಂದರೆ ಲೈಸೆನ್ಸ್ ಕೊಟ್ಟಿರುವುದು ಮನುಷ್ಯನಿಗೇ ಹೊರತು ಹೊಲಕ್ಕಲ್ಲ. ಕೊಡದಿದ್ದರೆ ರೈಫಲ್ ಬೀರುವಿನಲ್ಲಿರುತ್ತದೆ, ಹಂದಿ ಹೊಲದಲ್ಲಿರುತ್ತದೆ. 2019ರ ತಿದ್ದುಪಡಿ ಒಬ್ಬನಿಗೆ ಮೂರಿದ್ದ ಬಂದೂಕಿನ ಮಿತಿಯನ್ನು ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಈ ಏರಿಳಿತದಲ್ಲಿ ಮಾಳದ ಮನುಷ್ಯನಿಗೆ ಏನೂ ಸಿಗಲಿಲ್ಲ. ಅವನ ಕೈಯಲ್ಲಿ ಅಂದಿನಂತೆ ಇಂದೂ ಖಾಲಿ ಡಬ್ಬಿ, ಕವಣೆ, ಗರ್ನಾಲು, ಹೆಚ್ಚೆಂದರೆ ಪ್ಲಾಸ್ಟಿಕ್ ಪೈಪಿನ ಕಾರ್ಬೈಡ್ ಗನ್ನು. ಕಾರ್ಬೈಡ್ ಗನ್ನು ಕಣ್ಣು ತೆಗೆಯುವಂಥದ್ದು, ಅದನ್ನೂ 'ಹೊಸ ಆವಿಷ್ಕಾರ' ಎಂದು ಹಾಡಿ ಹೊಗಳುವುದು ನಿಲ್ಲಬೇಕು.

ರೈಫಲ್ ಪಕ್ಷದವರ ಒಂದು ಮಾತು ಮಾತ್ರ ಪೂರ್ತಿ ಸರಿ. ಚುನಾವಣೆ ಬಂದಾಗಲೆಲ್ಲ ಬೆಳೆ ರಕ್ಷಣೆಯ ಹಳೇ ಕೋವಿಯನ್ನೂ ಠಾಣೆಗೆ ತಂದಿಡು ಎನ್ನುವುದು ಅವಮಾನ. ಪಾತಕದ ಹಿನ್ನೆಲೆ ಇಲ್ಲದ ಎಪ್ಪತ್ತರ ಮುದುಕ ತೋಟಾ ಕೋವಿಯನ್ನು ಹೆಗಲಿಗೇರಿಸಿ ಬಸ್ಸು ಹತ್ತಿ ಠಾಣೆಗೆ ಬರುವುದು, ತಿಂಗಳುಗಟ್ಟಲೆ ಅದು ಅಲ್ಲಿ ತುಕ್ಕು ಹಿಡಿಯುವುದು, ಇದರಿಂದ ಯಾವ ಮತಗಟ್ಟೆ ಕಾದಂತಾಯಿತು? ಯಾರದನ್ನು ಇಡಿಸಿಕೊಳ್ಳಬೇಕು, ಯಾರದನ್ನು ಬಿಡಬೇಕು ಎಂದು ನೋಡಲು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಇರುವುದೇ ಅದಕ್ಕೆ. 2023ರ ವಿಧಾನಸಭೆ, 2024ರ ಲೋಕಸಭೆ, ನಮ್ಮಲ್ಲಿ ಎರಡೂ ಮೇ ತಿಂಗಳಲ್ಲೇ ಬಂದವು, ನಡುವೆ ಉಪಚುನಾವಣೆ, ಪಂಚಾಯತಿಗಳ ಗದ್ದಲ ಬೇರೆ. ಇಲ್ಲಿ ನಾನು ಅವರ ಜೊತೆ ಸಹಿ ಹಾಕುತ್ತೇನೆ. ಆದರೆ ಇದರಿಂದ ಹೊರಡುವ ತೀರ್ಮಾನವಾದರೂ ಏನು? ವರ್ಷದಲ್ಲಿ ಅಷ್ಟು ದಿನ ಠಾಣೆಯಲ್ಲಿ ಕೂರುವ ಸಾಮಾನನ್ನು ನಂಬಿ ಬೆಳೆ ಹಾಕಬಾರದು ಎಂದೇ ಅಲ್ಲವೇ?

ಹಂದಿ, ಮಂಗ ಯಾಕೆ ಹೀಗೆ ಬರುತ್ತಿವೆ ಎಂಬ ಪ್ರಶ್ನೆಗೆ ಬಂದೂಕಿನ ಭಕ್ತರ ಬಳಿ ಒಂದೇ ಉತ್ತರ: "ಹೊಡೆಯೋರಿಲ್ಲ, ಅದಕ್ಕೇ ಹೆಚ್ಚಾಗಿವೆ." ಅರ್ಧ ಸತ್ಯ. ಶಿವಮೊಗ್ಗ ಜಿಲ್ಲೆಯ ಕಾಡಿನ ಒಂದು ಭಾಗವನ್ನು 1980ರಲ್ಲಿ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 40 ವರ್ಷದ ಗುತ್ತಿಗೆಗೆ ಕೊಟ್ಟು ಅಕೇಶಿಯಾ, ನೀಲಗಿರಿ ನೆಡಿಸಿದರು. ಹಲಸು, ನೇರಳೆ, ಅತ್ತಿ, ಬೈನೆ ಇದ್ದ ಕಡೆ ಮಂಗ ತಿನ್ನುವಂಥದ್ದು ಏನೂ ಇಲ್ಲದ ಮರಗಳು ಬಂದವು. ಗುತ್ತಿಗೆ 2020ರಲ್ಲಿ ಮುಗಿಯಿತು. ಕಾರ್ಖಾನೆ ಅಷ್ಟರಲ್ಲಿ ಬಾಗಿಲು ಹಾಕಿತ್ತು, ಆದರೂ ಇನ್ನೂ 40 ವರ್ಷಕ್ಕೆ ಗುತ್ತಿಗೆ ನವೀಕರಿಸಿದರು. ಅದರ ವಿರುದ್ಧ ಮಲೆನಾಡಿನಲ್ಲಿ ಹೋರಾಟ ನಡೆಯಿತು, ಲೈಸೆನ್ಸಿಗಾಗಿ ಕೂಗುವ ಗಂಟಲುಗಳಲ್ಲಿ ಎಷ್ಟು ಅಲ್ಲಿ ಕೇಳಿಸಿದವು? ಇತ್ತ ನಾವು ಕಾಡಿನ ಅಂಚಿನವರೆಗೂ ಒಂದೇ ಜೋಳ ಬಿತ್ತಿದೆವು. ತಿನ್ನಲು ಕಾಳು, ಅಡಗಲು ಆಳೆತ್ತರದ ಮರೆ, ಹಂದಿಗೆ ಇದಕ್ಕಿಂತ ಇನ್ನೇನು ಬೇಕು?

ಏನು ಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಸಪ್ಪೆ. ಹಂದಿಗೆ ಬೇಲಿ. ನಮ್ಮವರು ಐಬೆಕ್ಸ್ ಎಂದು ಕರೆಯುವ ಸೌರ ತಂತಿಬೇಲಿ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ, ಕೊಲ್ಲುವುದಿಲ್ಲ. ಕೊಲ್ಲುವುದು ಕಂಬದಿಂದ ನೇರ ಕರೆಂಟು ಎಳೆದು ಬಿಡುವ ಕಳ್ಳ ತಂತಿ, ಅದಕ್ಕೆ ಹಂದಿಗಿಂತ ಮುಂಚೆ ದನವೋ ಮನುಷ್ಯನೋ ಸಿಕ್ಕಿಬೀಳುತ್ತಾರೆ. ಸೌರಬೇಲಿ ವಿಫಲವಾಯಿತು ಎನ್ನುವವರ ಹೊಲಕ್ಕೆ ಹೋಗಿ ನೋಡಿ: ಕೆಳಗಿನ ತಂತಿ ಮೊಣಕಾಲೆತ್ತರದಲ್ಲಿ ಇರುತ್ತದೆ, ಹಂದಿ ಮೂತಿ ಹಾಕಿ ನುಸುಳುತ್ತದೆ. ಇಲ್ಲವೇ ಹುಲ್ಲು ಬೆಳೆದು ತಂತಿಗೆ ತಾಗಿ ಕರೆಂಟೆಲ್ಲ ನೆಲಕ್ಕಿಳಿದಿರುತ್ತದೆ. ಕೆಳತಂತಿ ಗೇಣೆತ್ತರಕ್ಕೆ ಮೀರಬಾರದು, ಮಳೆಗಾಲದಲ್ಲಿ ಬೇಲಿಬುಡದ ಹುಲ್ಲನ್ನು ಆಗಾಗ ಸವರಬೇಕು, ಬ್ಯಾಟರಿಗೆ ನೀರು ನೋಡಬೇಕು. ಒಬ್ಬನೇ ಹಾಕಿದರೆ ಹಂದಿ ಪಕ್ಕದವನ ಹೊಲಕ್ಕೆ ಹೋಗುತ್ತದೆ, ಹತ್ತು ಜನ ಕೂಡಿ ಕಾಡಿನ ಅಂಚಿಗೆ ಒಂದೇ ಬೇಲಿ ಹಾಕಿದರೆ ಖರ್ಚೂ ಕಡಿಮೆ. ಮಂಗಕ್ಕೆ ಈ ಬೇಲಿ ಸಾಲದು, ಮರದಿಂದ ಮರಕ್ಕೆ ಹಾರುವವನಿಗೆ ತಂತಿ ಯಾವ ಲೆಕ್ಕ? ಅಲ್ಲಿ ಸಂತಾನಹರಣ, ಹಣ್ಣಿನ ಮರ, ಕಾವಲು ಎಲ್ಲ ಕೂಡಬೇಕು, ವರ್ಷಗಟ್ಟಲೆ ಹಿಡಿಯುತ್ತದೆ. ಸುಲಭದ ಉಪಾಯ ಇದೆ ಎಂದು ಹೇಳುವವರನ್ನು ನಂಬಬೇಡಿ.

ಹಂದಿಯನ್ನು ಹೊಡೆಯಲೇಬೇಕಾದ ಕಡೆ ಹೊಡೆಯಲಿ. ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಆ ಆದೇಶ ಕೊಡುವ ಅಧಿಕಾರ ಕೊಟ್ಟಿತು. ಪಂಚಾಯತಿ ಗುರುತಿಸಿದ ಲೈಸೆನ್ಸುದಾರರು ಬಂದು ಹೊಡೆಯುತ್ತಾರೆ, ಲೆಕ್ಕ ಇಡುತ್ತಾರೆ, ಹೂಳುತ್ತಾರೆ. ಅಲ್ಲೂ ಹಂದಿ ಮುಗಿದಿಲ್ಲ, ತೊಡಕುಗಳಿವೆ. ಆದರೆ ಅಲ್ಲಿ ಮೊದಲು ಬಂದದ್ದು ಆದೇಶ, ಆಮೇಲೆ ಬಂದೂಕು. ನಾವು ಬಂದೂಕು ಮೊದಲು ತಂದಿಟ್ಟುಕೊಂಡು ಆದೇಶಕ್ಕೆ ಕಾಯುತ್ತೇವೆ ಎನ್ನುತ್ತಿದ್ದೇವೆ.

ಇಷ್ಟಾದ ಮೇಲೂ ಮನೆಗೊಂದು ಕೋವಿ ಬೇಕೇ ಬೇಕು ಎನ್ನುವವನಿಗೆ ನನ್ನ ಮಾತು: ಹನ್ನೆರಡು ಬೋರಿನ ಒಂಟಿ ನಳಿಗೆ ತೋಟಾ ಕೋವಿ. ಮಡಿಸಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ. ಒಂದೇ ಈಡು ಇರುವುದರಿಂದ ಹೊಡೆಯುವ ಮುಂಚೆ ಮನುಷ್ಯ ಯೋಚಿಸುತ್ತಾನೆ. ಕೊಳ್ಳುವ ಮೊದಲು ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೋಗಿ ಬನ್ನಿ, ಕಬ್ಬಿಣದ ಬೀರು ಮಾಡಿಸಿ, ಮಕ್ಕಳಿಗೆ ಕೀಲಿ ಸಿಗದಂತೆ ಇಡಿ. ಹೊಡೆದರೆ ಆಕಾಶಕ್ಕೆ, ಸದ್ದಿಗೆ.

ರೈಫಲ್ಲಿಗೆಂದು ದುಡ್ಡು ಕೂಡಿಟ್ಟವರು ಈ ಮಳೆಗಾಲಕ್ಕೆ ಮುಂಚೆ ಪಕ್ಕದ ಹೊಲದವರನ್ನು ಕರೆದು ಕೂತು ಬೇಲಿಯ ಲೆಕ್ಕ ಹಾಕಿ. ಮುಂದಿನ ಗ್ರಾಮಸಭೆಯಲ್ಲಿ ಲೈಸೆನ್ಸ್ ಎಂದು ಕೂಗುವ ಬದಲು ಮೂರು ಅರ್ಜಿ ಕೊಡಿ: ಕಾಡಂಚಿನ ಸಾಮೂಹಿಕ ಸೌರಬೇಲಿಗೆ ಸಹಾಯಧನ, ಬಗರ್ ಹುಕುಂ ಹೊಲಕ್ಕೂ ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಬೆಳೆ ನಷ್ಟದ ದುಡ್ಡು, ಹಂದಿ ಹೊಡೆಯುವ ಲಿಖಿತ ಆದೇಶ ಎಷ್ಟು ದಿನದಲ್ಲಿ, ಯಾರು ಕೊಡುತ್ತಾರೆ ಎಂಬುದರ ಉತ್ತರ. ಆ ಮೂರಕ್ಕೂ ಸ್ವೀಕೃತಿ ರಸೀದಿ ಕೇಳಿ ಪಡೆಯಿರಿ.